ಪಾರ್ಟಿಷನ್ ಹೋದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್: ಅಂಗಡಿಗೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಅಗ್ರಹಾರದ ಕಡೆ ನನ್ನದೊಂದು ಚಿಕ್ಕ ಕಂಪ್ಯೂಟರ್ ರಿಪೇರಿ ಅಂಗಡಿ. ದಸರಾ ಮುಗಿದ ವಾರ, ಮದುವೆ ಸೀಸನ್ ಮುಗಿಯುವ ಹೊತ್ತು, ಮಾನಸಗಂಗೋತ್ರಿಯ ಹುಡುಗರು ಥೀಸಿಸ್ ಒಪ್ಪಿಸುವ ದಿನಗಳು: ಆಗೆಲ್ಲ ಎಕ್ಸ್‌ಟರ್ನಲ್ ಡಿಸ್ಕ್ ಹಿಡಿದು ಬರುವವರು ಜಾಸ್ತಿ. ಮಂಡ್ಯ, ಶ್ರೀರಂಗಪಟ್ಟಣದಿಂದ ಬಸ್ಸು ಹತ್ತಿ ಬರುವ ಫೋಟೋಗ್ರಾಫರ್‌ಗಳೂ ಇದ್ದಾರೆ. ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಅವಸರದಲ್ಲಿರುವವರು ಮೊದಲ ಪ್ರಶ್ನೆಯೊಂದನ್ನು ಓದಿ, ಡಿಸ್ಕ್ ಕಿತ್ತಿಟ್ಟು, ಒಂದು ಲೋಟ ಕಾಫಿ ಕುಡಿದು ಆಮೇಲೆ ಉಳಿದದ್ದನ್ನು ಓದಿದರೂ ನಡೆಯುತ್ತದೆ.

## ಮೊದಲ ಗಾಬರಿ

ಸಾರ್, ಡಿಸ್ಕ್ ಹಾಕಿದ್ರೆ ‘ಫಾರ್ಮ್ಯಾಟ್ ಮಾಡಿ’ ಅಂತ ಕೇಳ್ತಿದೆ. ಒತ್ತಿಬಿಡ್ಲಾ?

ಬೇಡ. ‘ಕ್ಯಾನ್ಸಲ್’ ಒತ್ತಿ, ಡಿಸ್ಕ್ ಕಿತ್ತು ಪಕ್ಕಕ್ಕಿಡಿ. ‘ಇನಿಷಿಯಲೈಸ್’ ಮಾಡಬೇಕು ಎಂದು ಕೇಳಿದರೂ ಬೇಡವೇ. ವಿಂಡೋಸ್‌ಗೆ ಆ ಡಿಸ್ಕ್ ಅರ್ಥವಾಗುತ್ತಿಲ್ಲ, ಅಷ್ಟೆ. ತನಗೆ ಅರ್ಥವಾಗದ್ದನ್ನೆಲ್ಲ ಹೊಸದಾಗಿ ಶುರುಮಾಡೋಣ ಎನ್ನುವುದು ಅದರ ಸ್ವಭಾವ.

ಈಗಾಗಲೇ ಒತ್ತಿಬಿಟ್ಟಿದ್ದರೆ ಯಾವುದನ್ನು ಒತ್ತಿದಿರಿ ಎಂದು ನೆನಪು ಮಾಡಿಕೊಂಡು ಚೀಟಿಯಲ್ಲಿ ಬರೆದಿಡಿ. ‘ಕ್ವಿಕ್ ಫಾರ್ಮ್ಯಾಟ್’ ಆಗಿದ್ದರೆ ಸಾಮಾನ್ಯ ಹಾರ್ಡ್ ಡಿಸ್ಕ್‌ನಲ್ಲಿ ಆಸೆ ಚೆನ್ನಾಗಿಯೇ ಇದೆ. ಪೂರ್ತಿ ಫಾರ್ಮ್ಯಾಟ್ ಬೇರೆ ವಿಷಯ. ವಿಸ್ತಾದಿಂದ ಈಚೆಗಿನ ವಿಂಡೋಸ್‌ಗಳು ಪೂರ್ತಿ ಫಾರ್ಮ್ಯಾಟ್‌ನಲ್ಲಿ ಉದ್ದಕ್ಕೂ ಸೊನ್ನೆ ಬರೆದುಕೊಂಡು ಹೋಗುತ್ತವೆ. ಸೊನ್ನೆ ಬಿದ್ದ ಕಡೆ ಯಾರು ಬಂದರೂ ಏನೂ ಸಿಗುವುದಿಲ್ಲ. ಮಧ್ಯದಲ್ಲಿ ಗೊತ್ತಾಗಿ ನಿಲ್ಲಿಸಿದರೆ ಸೊನ್ನೆ ತಲುಪದ ಭಾಗ ಉಳಿದಿರುತ್ತದೆ.

ಒಳಗಿದ್ದ ಫೋಟೋ ಎಲ್ಲಾ ಹೋಯ್ತಾ ಹಂಗಾದ್ರೆ? ಈ ಪಾರ್ಟಿಷನ್ ಅಂದ್ರೆ ಏನು?

ನಮ್ಮ ಕಡೆಯವರಿಗೆ ಇದನ್ನು ಜಮೀನಿನ ಲೆಕ್ಕದಲ್ಲಿ ಹೇಳುವುದು ಸುಲಭ. ತಾಲೂಕು ಆಫೀಸಿನಲ್ಲಿ ನಿಮ್ಮ ಪಹಣಿ ಹರಿದುಹೋಯಿತು ಎಂದುಕೊಳ್ಳಿ. ಹೊಲ ಎಲ್ಲಿಗೂ ಹೋಗಿಲ್ಲ, ಬೆಳೆದ ಕಬ್ಬೂ ಅಲ್ಲೇ ನಿಂತಿದೆ. ಯಾರ ಹೊಲ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವ ಕಾಗದ ಮಾತ್ರ ಇಲ್ಲ.

ಪಾರ್ಟಿಷನ್ ಟೇಬಲ್ ಅಂಥ ಕಾಗದ. ಎಂಬಿಆರ್ ಎನ್ನುವ ಹಳೇ ಪದ್ಧತಿಯಲ್ಲಿ ಅದು ಡಿಸ್ಕ್‌ನ ಮೊಟ್ಟಮೊದಲ 512 ಬೈಟ್‌ಗಳ ಒಳಗಿರುತ್ತದೆ. ಅದರಲ್ಲೂ ಪಾರ್ಟಿಷನ್ ವಿವರಕ್ಕೆ ಸಿಗುವುದು 64 ಬೈಟ್ ಮಾತ್ರ. ತಲಾ 16 ಬೈಟ್‌ನ ನಾಲ್ಕು ಸಾಲು. 1 ಟಿಬಿ ಡಿಸ್ಕ್‌ನ ಹಣೆಬರಹವೆಲ್ಲ 64 ಬೈಟ್‌ನಲ್ಲಿ! ಅಷ್ಟು ಅಳಿಸಿಹೋದರೆ ಕಂಪ್ಯೂಟರ್‌ಗೆ ಇಡೀ ಡಿಸ್ಕ್ ಖಾಲಿ ಬಯಲಿನಂತೆ ಕಾಣುತ್ತದೆ. ಈಗಿನ ಡಿಸ್ಕ್‌ಗಳಲ್ಲಿ ಮೊದಲ ಪಾರ್ಟಿಷನ್ ಶುರುವಾಗುವುದೇ ಸಾಮಾನ್ಯವಾಗಿ 1 ಎಂಬಿ ದಾಟಿದ ಮೇಲೆ. ಹಾಗಾಗಿ ಟೇಬಲ್ ಹಾಳಾದರೂ ನಿಮ್ಮ ಫೈಲ್‌ಗಳಿಗೆ ಏಟು ಬಿದ್ದಿರುವುದಿಲ್ಲ.

ಕಾಗದ ಹೋದರೂ ಹೊಲದಲ್ಲಿ ಬಾಂದು ಕಲ್ಲು ಇರುತ್ತದಲ್ವಾ? ಡಿಸ್ಕ್‌ನಲ್ಲೂ ಇದೆ. ಡಿಸ್ಕ್ ಉದ್ದಕ್ಕೂ ಸೆಕ್ಟರ್ ಎನ್ನುವ ಚಿಕ್ಕ ಚಿಕ್ಕ ತುಂಡುಗಳಾಗಿ ಹಂಚಿರುತ್ತದೆ. ಪ್ರತಿ ಪಾರ್ಟಿಷನ್ನಿನ ಮೊದಲ ಸೆಕ್ಟರ್‌ನಲ್ಲಿ ಅದರ ಅಳತೆ ಬರೆದಿರುತ್ತದೆ. ಅದಕ್ಕೆ ಬೂಟ್ ಸೆಕ್ಟರ್ ಎನ್ನುತ್ತಾರೆ. ಆ ಕಲ್ಲುಗಳನ್ನು ಹುಡುಕಿ ಪಹಣಿಯನ್ನು ಮತ್ತೆ ಬರೆಯುವುದೇ ನಮ್ಮ ಕೆಲಸ. ಅಷ್ಟರಲ್ಲಿ ಯಾರೂ ಆ ಜಾಗದಲ್ಲಿ ಹೊಸ ಮನೆ ಕಟ್ಟಿರಬಾರದು.

ಪಾರ್ಟಿಷನ್ ಹೋಗಿದ್ಯೋ ಡಿಸ್ಕೇ ಕೆಟ್ಟಿದ್ಯೋ ನಮಗೆ ಹೆಂಗೆ ಗೊತ್ತಾಗುತ್ತೆ?

ಮೊದಲು ಕೇಬಲ್ ಬದಲಾಯಿಸಿ. ತಮಾಷೆಗಲ್ಲ. ಎಕ್ಸ್‌ಟರ್ನಲ್ ಡಿಸ್ಕ್‌ಗಳ ಆ ಅಗಲದ ಪಿನ್ ಸಡಿಲವಾಗುವುದು ಮಾಮೂಲಿ. ಒಮ್ಮೆ ಒಬ್ಬರ ಡಿಸ್ಕ್‌ನ ಪೋರ್ಟ್ ಒಳಗಿನಿಂದ ಆಯುಧಪೂಜೆಯ ಕುಂಕುಮ ಬ್ರಷ್ಷಿನಲ್ಲಿ ತೆಗೆದಿದ್ದೇನೆ. ಪೂಜೆ ಮಾಡಿ, ಬೇಡ ಎನ್ನುವುದಿಲ್ಲ. ಕುಂಕುಮ ಮಾತ್ರ ಮೇಲಿನ ಮುಚ್ಚಳಕ್ಕಿಡಿ.

ಆಮೇಲೆ ಡೆಸ್ಕ್‌ಟಾಪ್ ಆದರೆ ಹಿಂದುಗಡೆಯ ಯುಎಸ್‌ಬಿಗೆ ನೇರ ಹಾಕಿ. ಹಬ್ ಬೇಡ. ಚಿಕ್ಕ ಡಿಸ್ಕ್‌ಗಳು ಯುಎಸ್‌ಬಿಯಿಂದಲೇ ಕರೆಂಟ್ ಎಳೆಯುತ್ತವೆ. ಕರೆಂಟ್ ಸಾಲದಿದ್ದರೂ ಟಿಕ್ ಟಿಕ್ ಎನ್ನುತ್ತವೆ. ಈಗ ವಿಂಡೋಸ್‌ನ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆದು ಸುಮ್ನೆ ನೋಡಿ, ಏನೂ ಮಾಡಬೇಡಿ. ಡಿಸ್ಕ್‌ನ ಪೂರ್ತಿ ಅಳತೆ ತೋರಿಸಿ ‘ಅನ್‌ಅಲೊಕೇಟೆಡ್’ (ಯಾರ ಹೆಸರಿಗೂ ಇಲ್ಲದ ಜಾಗ) ಅಥವಾ ‘ರಾ’ (ಪಾರ್ಟಿಷನ್ ಇದೆ, ಒಳಗಿನದು ಅರ್ಥವಾಗುತ್ತಿಲ್ಲ) ಎಂದಿದ್ದರೆ ಬಹುತೇಕ ಪಾರ್ಟಿಷನ್ ಅಥವಾ ಫೈಲ್ ಸಿಸ್ಟಂ ತೊಂದರೆ. ಫೈಲ್ ಸಿಸ್ಟಂ ಎಂದರೆ ಯಾವ ಫೈಲ್ ಎಲ್ಲಿದೆ ಎಂದು ಪಾರ್ಟಿಷನ್ನಿನ ಒಳಗೆ ಇಟ್ಟ ಲೆಕ್ಕ. 1 ಟಿಬಿ ಡಿಸ್ಕ್ 931 ಜಿಬಿ ಎಂದು ಕಾಣುವುದು ಸರಿಯಾದದ್ದೇ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಅಳತೆ ಸೊನ್ನೆ ಬಂದರೆ, ‘ನೋ ಮೀಡಿಯಾ’ ಎಂದರೆ, ಕಾಣಿಸಿ ಮಾಯವಾಗುತ್ತಿದ್ದರೆ ಡಿಸ್ಕ್‌ಗೇ ಕಾಯಿಲೆ.

ಒಳ್ಳೆಯ ಕೇಬಲ್ ಹಾಕಿದ ಮೇಲೂ ಟಕ್ ಟಕ್ ಎಂದು ಒಂದೇ ತಾಳದಲ್ಲಿ ಹೊಡೆದುಕೊಂಡರೆ ತಕ್ಷಣ ಕಿತ್ತುಬಿಡಿ. ಅದು ಓದುವ ಹೆಡ್‌ನ ತೊಂದರೆ. ಈ ಪುಟದಲ್ಲಿರುವ ಯಾವ ಉಪಾಯವೂ ಅದಕ್ಕೆ ಮದ್ದಲ್ಲ.

ನಾನೇನೂ ಮಾಡಿಲ್ಲ ಸಾರ್, ಸುಮ್ನೆ ಟಿವಿಗೆ ಹಾಕಿದ್ದೆ ಅಷ್ಟೆ. ಅಷ್ಟಕ್ಕೇ ಹೋಗುತ್ತಾ?

ಹೋಗುತ್ತದೆ. ಸಿನಿಮಾ ನೋಡಲು ಹಾಕಿದರೆ ಏನೂ ಆಗುವುದಿಲ್ಲ. ಆದರೆ ರಿಮೋಟ್‌ನಲ್ಲಿ ರೆಕಾರ್ಡ್ ಬಟನ್ ಒತ್ತಿದರೆ ಹಲವು ಟಿವಿಗಳು, ಸೆಟ್‌ಟಾಪ್ ಬಾಕ್ಸ್‌ಗಳು ‘ಈ ಡಿಸ್ಕ್ ಸಿದ್ಧ ಮಾಡಲೇ’ ಎಂದು ಇಂಗ್ಲಿಷ್‌ನಲ್ಲಿ ಕೇಳುತ್ತವೆ. ಮಂಡ್ಯದ ಒಂದು ಮನೆಯಲ್ಲಿ ಮೊಮ್ಮಗ ಡಿಸ್ಕ್ ಹಾಕಿ ನೀರು ಕುಡಿಯಲು ಹೋದ, ತಾತ ಓಕೆ ಒತ್ತಿದರು. ಆ ‘ಸಿದ್ಧ’ ಎಂದರೆ ಫಾರ್ಮ್ಯಾಟ್.

ಟಿವಿ ಫಾರ್ಮ್ಯಾಟ್ ಸ್ವಲ್ಪ ಕೆಟ್ಟದ್ದೇ. ಬಹಳಷ್ಟು ಟಿವಿಗಳು ಒಳಗೆ ಲಿನಕ್ಸ್ ಓಡಿಸುತ್ತವೆ. ಅದರ ಫೈಲ್ ಸಿಸ್ಟಂ ಡಿಸ್ಕ್‌ನ ತಲೆಯಲ್ಲಿ ಮಾತ್ರ ಬರೆದು ಸುಮ್ಮನಿರದೆ ಅಲ್ಲಲ್ಲಿ ಚೂರು ಚೂರು ಬರೆಯುತ್ತದೆ. ಆದರೂ ಏನನ್ನೂ ರೆಕಾರ್ಡ್ ಮಾಡದೆ ತಂದರೆ ಬಹುಪಾಲು ಉಳಿದಿರುತ್ತದೆ. ತಾತ ಒಂದು ಧಾರಾವಾಹಿ ರೆಕಾರ್ಡ್ ಮಾಡಿ ನೋಡಿದ್ದರು. ಅಷ್ಟು ಜಾಗದ ಫೋಟೋ ಹೋಯಿತು, ಮಿಕ್ಕಿದ್ದು ಬಂತು.

ಬೇರೆ ಕಾರಣಗಳು ಎಲ್ಲರಿಗೂ ಗೊತ್ತಿರುವಂಥವು: ಕಾಪಿ ಆಗುವಾಗ ಕೇಬಲ್ ಎಳೆದದ್ದು, ಕರೆಂಟ್ ಹೋದದ್ದು, ವಿಂಡೋಸ್ ಹಾಕುವಾಗ ತಪ್ಪು ಡಿಸ್ಕ್‌ನ ಪಾರ್ಟಿಷನ್ ಡಿಲೀಟ್ ಮಾಡಿದ್ದು, ಮ್ಯಾಕ್‌ನ ಡಿಸ್ಕನ್ನು ವಿಂಡೋಸ್‌ಗೆ ಹಾಕಿ ಅದು ಕೇಳಿದ್ದಕ್ಕೆಲ್ಲ ಹೂಂ ಎಂದದ್ದು.

ಗೊತ್ತಿರೋ ಹುಡುಗ ಚೆಕ್‌ಡಿಸ್ಕ್ ಓಡಿಸು ಅಂದ. ಓಡಿಸಲಾ?

ಈಗ ಬೇಡ. ಚೆಕ್‌ಡಿಸ್ಕ್ ಫೈಲ್ ಸಿಸ್ಟಮ್ಮನ್ನು ಸರಿಮಾಡುವ ಸಾಧನ. ನಿಮ್ಮ ಫೈಲ್ ಉಳಿಸುವುದು ಅದರ ಮೊದಲ ಚಿಂತೆ ಅಲ್ಲ. ಲೆಕ್ಕಕ್ಕೆ ಹೊಂದದ ದಾಖಲೆಗಳನ್ನು ಅದು ಕತ್ತರಿಸಿ ಲೆಕ್ಕ ಸರಿಮಾಡುತ್ತದೆ. ಆಮೇಲೆ ‘ಫೌಂಡ್’ ಎನ್ನುವ ಫೋಲ್ಡರ್‌ನಲ್ಲಿ ಹೆಸರಿಲ್ಲದ ತುಂಡುಗಳು ಸಿಗುತ್ತವೆ. ಡಿಸ್ಕ್ ‘ರಾ’ ಆಗಿದ್ದರೆ ಚೆಕ್‌ಡಿಸ್ಕ್ ತಾನೇ ‘ನನ್ನಿಂದ ಆಗುವುದಿಲ್ಲ’ ಎಂದು ನಿಂತುಬಿಡುತ್ತದೆ. ಎಷ್ಟೋ ಜನರ ಫೋಟೋ ಉಳಿದಿರುವುದು ಹಾಗೆ.

ಫ್ರಿಜ್ಜಲ್ಲಿಟ್ರೆ ಸರಿಹೋಗುತ್ತಂತೆ, ನಿಜಾನಾ?

ಇಲ್ಲ. ಹೊರಗೆ ತೆಗೆದಾಗ ಒಳಗೆ ತೇವ ಕಟ್ಟುತ್ತದೆ. ಪಾರ್ಟಿಷನ್ ತೊಂದರೆಗೂ ತಂಪಿಗೂ ಸಂಬಂಧವೇ ಇಲ್ಲ. ಅಕ್ಕಿ ಡಬ್ಬಿಗೂ ಅಷ್ಟೆ.

## ಮನೆಯಲ್ಲೇ ಕೂತು ಮಾಡುವವರಿಗೆ

ನನಗೆ ಇಡೀ ಡಿಸ್ಕ್ ಬೇಡ, ಥೀಸಿಸ್ ಫೋಲ್ಡರ್ ಒಂದು ಸಿಕ್ಕಿದ್ರೆ ಸಾಕು. ಬೇಗ ಆಗುತ್ತಾ?

ಡಿಸ್ಕ್ ಮುಟ್ಟುವ ಮೊದಲು ಬೇರೆ ಕಡೆ ಹುಡುಕಿ. ಗೈಡ್‌ಗೆ ಕಳಿಸಿದ ಮೇಲ್, ವಾಟ್ಸ್ಯಾಪ್‌ನಲ್ಲಿ ಗೆಳತಿಗೆ ಹಾಕಿದ ಅಧ್ಯಾಯ, ಲ್ಯಾಪ್‌ಟಾಪ್‌ನಲ್ಲಿ ವರ್ಡ್ ತಾನೇ ಉಳಿಸಿಕೊಂಡ ಪ್ರತಿ. ಎಲ್ಲಕ್ಕಿಂತ ಮುಖ್ಯವಾಗಿ ಡ್ರಾಫ್ಟ್ ಪ್ರಿಂಟ್ ತೆಗೆಸಿದ ಜೆರಾಕ್ಸ್ ಅಂಗಡಿ. ಅವರ ಕಂಪ್ಯೂಟರ್‌ನ ಡೆಸ್ಕ್‌ಟಾಪ್ ತುಂಬ ಯಾರ್‍ಯಾರದೋ ಥೀಸಿಸ್ ಇರುತ್ತದೆ, ಯಾರೂ ಡಿಲೀಟ್ ಮಾಡಿರುವುದಿಲ್ಲ. ಹೀಗೆ ಇಬ್ಬರ ಕೆಲಸ ನನ್ನ ಕೈ ತಲುಪದೇ ಮುಗಿದಿದೆ.

ಅಲ್ಲೆಲ್ಲೂ ಸಿಗದಿದ್ದರೆ ಟೆಸ್ಟ್‌ಡಿಸ್ಕ್‌ನಲ್ಲಿ ಆ ಒಂದು ಫೋಲ್ಡರ್ ಮಾತ್ರ ಎತ್ತಬಹುದು. ಮುಂದೆ ಹೇಳಿದ್ದೇನೆ.

ಮನೇಲೇ ಮಾಡ್ಬೇಕು ಅಂದ್ರೆ ಏನೇನು ರೆಡಿ ಇಟ್ಕೋಬೇಕು?

ಕೆಟ್ಟ ಡಿಸ್ಕ್‌ಗಿಂತ ದೊಡ್ಡದಾದ, ಖಾಲಿ ಜಾಗವಿರುವ ಇನ್ನೊಂದು ಡಿಸ್ಕ್. ಇದಿಲ್ಲದೆ ಶುರುಮಾಡಬೇಡಿ. ಇದ್ದ ಡಿಸ್ಕ್‌ಗೇ ಫೈಲ್ ಎತ್ತಿಡುವುದು ಎಂದರೆ ಬಾವಿಯಿಂದ ನೀರು ಸೇದಿ ಅದೇ ಬಾವಿಗೆ ಸುರಿದಂತೆ. ಇಲ್ಲಿ ಸುರಿದ ನೀರು ಒಳಗಿದ್ದ ನೀರನ್ನೂ ಕೆಡಿಸುತ್ತದೆ. ರಿಕವರಿ ಸಾಫ್ಟ್‌ವೇರನ್ನೂ ಅದರಲ್ಲಿ ಹಾಕಬೇಡಿ.

ಎರಡನೆಯದು, ಮೊದಲು ಇಡೀ ಡಿಸ್ಕ್‌ನ ಇಮೇಜ್ ತೆಗೆಯುವುದು. ಅಂದರೆ ಖಾಲಿ, ತುಂಬಿದ್ದು ಎಂದು ನೋಡದೆ ಮೊದಲ ಸೆಕ್ಟರ್‌ನಿಂದ ಕೊನೆಯ ಸೆಕ್ಟರ್‌ವರೆಗೆ ಯಥಾವತ್ ನಕಲು. ಆಮೇಲೆ ಮಾಡುವ ಕೆಲಸವೆಲ್ಲ ನಕಲಿನ ಮೇಲೆ. ತಪ್ಪಾದರೆ ಮತ್ತೆ ನಕಲು ಮಾಡಿಕೊಂಡರಾಯಿತು. ಜನ ಬಿಟ್ಟುಬಿಡುವ ಹೆಜ್ಜೆ ಇದೇ. ಇನ್ನೊಂದು ಡಿಸ್ಕ್‌ಗೆ ದುಡ್ಡು ಹಾಕಬೇಕಲ್ಲ ಎಂದು. ನಿಜ. ಆದರೆ ಆ ಇನ್ನೊಂದು ಡಿಸ್ಕ್ ಮೊದಲೇ ಮನೆಯಲ್ಲಿದ್ದಿದ್ದರೆ ನೀವು ಇದನ್ನು ಓದುತ್ತಲೇ ಇರುತ್ತಿರಲಿಲ್ಲ, ಅಲ್ವಾ?

ಮೂರನೆಯದು ಹೊತ್ತು. ಸೆಕೆಂಡಿಗೆ 100 ಎಂಬಿ ಓದಿದರೂ 1 ಟಿಬಿಗೆ ಎರಡೂಮುಕ್ಕಾಲು ಗಂಟೆ. ಹಳೇ ಯುಎಸ್‌ಬಿ 2 ಪೋರ್ಟ್‌ನಲ್ಲಿ ಎಂಟೊಂಬತ್ತು ಗಂಟೆ ಹಿಡಿಯುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿ, ತಾನೇ ನಿದ್ದೆಗೆ ಹೋಗದಂತೆ ಸೆಟ್ಟಿಂಗ್ ಬದಲಿಸಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ.

ಟೆಸ್ಟ್‌ಡಿಸ್ಕ್ ಅಂತ ಹೇಳ್ತಾರಲ್ಲ, ಅದ್ರಲ್ಲಿ ಏನೇನು ಒತ್ತಬೇಕು ಒಂದೊಂದಾಗಿ ಹೇಳಿ

ಟೆಸ್ಟ್‌ಡಿಸ್ಕ್ ಕ್ರಿಸ್ಟೋಫ್ ಗ್ರೆನಿಯೆ ಎನ್ನುವವರು ಬರೆದ ಉಚಿತ ಸಾಫ್ಟ್‌ವೇರ್. ಕಪ್ಪು ಪರದೆ, ಮೌಸ್ ನಡೆಯುವುದಿಲ್ಲ, ಬಾಣದ ಕೀಲಿಗಳು ಮತ್ತು ಎಂಟರ್ ಮಾತ್ರ. ನೋಡಿದರೆ ಭಯವಾಗುತ್ತದೆ. ಆದರೆ ‘ರೈಟ್’ ಎನ್ನುವುದನ್ನು ನೀವಾಗಿ ಒಪ್ಪುವವರೆಗೆ ಪಾರ್ಟಿಷನ್ ಟೇಬಲ್ ಮೇಲೆ ಏನೂ ಬರೆಯುವುದಿಲ್ಲ.

ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಲಾಗ್ ಬೇಕೇ ಎಂದರೆ ‘ಕ್ರಿಯೇಟ್’. ಆಮೇಲೆ ಡಿಸ್ಕ್‌ಗಳ ಪಟ್ಟಿ ಬರುತ್ತದೆ. ಇಲ್ಲಿ ಉಸಿರು ಬಿಗಿಹಿಡಿದು ಅಳತೆ, ಕಂಪನಿ ಹೆಸರು ಎರಡನ್ನೂ ನೋಡಿ ನಿಮ್ಮದನ್ನು ಆರಿಸಿ. ಮುಂದೆ ಟೇಬಲ್ ಯಾವ ಬಗೆ ಎಂದು ಕೇಳುತ್ತದೆ. ‘ಇಂಟೆಲ್’ ಎಂದರೆ ಎಂಬಿಆರ್, ‘ಇಎಫ್‌ಐ ಜಿಪಿಟಿ’ ಎಂದರೆ ಹೊಸ ಪದ್ಧತಿ. ಅದೇ ಒಂದು ಸುಳಿವು ಕೊಡುತ್ತದೆ. ಆದರೆ ಡಿಸ್ಕ್‌ನ ತಲೆಯೇ ಹಾಳಾಗಿದ್ದಾಗ ಆ ಸುಳಿವು ತಪ್ಪಿರಬಹುದು. ಸಿಗದಿದ್ದರೆ ವಾಪಸ್ ಬಂದು ಇನ್ನೊಂದನ್ನು ನೋಡಿ.

‘ಅನಲೈಸ್’, ಆಮೇಲೆ ‘ಕ್ವಿಕ್ ಸರ್ಚ್’. ಸಿಕ್ಕ ಪಾರ್ಟಿಷನ್‌ಗಳು ಸಾಲಾಗಿ ಬರುತ್ತವೆ. ಒಂದು ಸಾಲಿನ ಮೇಲೆ ನಿಂತು ಸಣ್ಣಕ್ಷರದ ಪಿ ಒತ್ತಿ. ನಿಮ್ಮ ಫೋಲ್ಡರ್ ಹೆಸರುಗಳು ಕಂಡರೆ ಅದೇ ನಿಮ್ಮ ಪಾರ್ಟಿಷನ್. ನನ್ನ ಅಂಗಡಿಯಲ್ಲಿ ಈ ಹೊತ್ತಿಗೆ ಮುಖಗಳು ಬದಲಾಗುತ್ತವೆ. ‘ಅಗೋ ಅಗೋ, ನಮ್ಮ ಪಾಪು ಬರ್ತ್‌ಡೇ’ ಎಂದು ಪರದೆಗೆ ಬೆರಳಿಡುತ್ತಾರೆ.

ಅಲ್ಲೇ ‘ರೈಟ್’ಗೆ ಹಾರಬೇಡಿ. ಫೈಲ್ ಪಟ್ಟಿ ಕಾಣುತ್ತಿರುವಾಗಲೇ ಎ ಒತ್ತಿ ಎಲ್ಲವನ್ನೂ ಆರಿಸಿ, ದೊಡ್ಡಕ್ಷರದ ಸಿ ಒತ್ತಿದರೆ ಎಲ್ಲಿಗೆ ಕಾಪಿ ಮಾಡಲಿ ಎಂದು ಕೇಳುತ್ತದೆ. ಇನ್ನೊಂದು ಡಿಸ್ಕ್ ತೋರಿಸಿ. ಒಂದೇ ಫೋಲ್ಡರ್ ಬೇಕಿದ್ದರೆ ಅದರ ಮೇಲೆ ನಿಂತು ಸಣ್ಣ ಸಿ. ಫೈಲ್‌ಗಳು ಸುರಕ್ಷಿತವಾಗಿ ಆ ಕಡೆ ಸೇರಿದ ಮೇಲೆ ಬೇಕಿದ್ದರೆ ‘ರೈಟ್’ ಮಾಡಿ. ಹೆಚ್ಚಿನ ಸಲ ನಾನು ‘ರೈಟ್’ ಮಾಡುವುದೇ ಇಲ್ಲ. ಬೇಕಾದದ್ದು ಕೈಗೆ ಬಂದ ಮೇಲೆ ಹಳೇ ಟೇಬಲ್ ಕಟ್ಟಿಕೊಂಡು ಏನಾಗಬೇಕು?

ಕ್ವಿಕ್ ಸರ್ಚ್‌ನಲ್ಲಿ ಏನೂ ಸಿಗದಿದ್ದರೆ ‘ಡೀಪರ್ ಸರ್ಚ್’. ಅದು ಇಡೀ ಡಿಸ್ಕ್ ತಡಕಾಡುವುದರಿಂದ ಗಂಟೆಗಟ್ಟಲೆ ಆಗುತ್ತದೆ. ಹತ್ತು ವರ್ಷದ ಹಿಂದಿನ ಹಳೇ ಪಾರ್ಟಿಷನ್‌ಗಳ ಗುರುತೂ ಸಿಗಬಹುದು. ಒಂದೇ ಜಾಗಕ್ಕೆ ಮೂರು ಹಕ್ಕುದಾರರು ಕಂಡರೆ ಗಾಬರಿಬೇಡ. ಪಿ ಒತ್ತಿದಾಗ ಯಾವುದರೊಳಗೆ ಇವತ್ತಿನ ಫೈಲ್ ಇದೆಯೋ ಅದೇ ನಿಮ್ಮದು.

ಪಾರ್ಟಿಷನ್ ವಾಪಸ್ ಬಂತು, ಆದ್ರೂ ‘ರಾ’ ಅಂತಾನೇ ತೋರಿಸುತ್ತೆ

ಪಹಣಿ ಸರಿಹೋಗಿದೆ, ಬಾಂದು ಕಲ್ಲು ಒಡೆದಿದೆ. ಅದಕ್ಕೂ ನಕಲು ಇದೆ, ಎಲ್ಲಿ ಎನ್ನುವುದು ಫೈಲ್ ಸಿಸ್ಟಂ ಯಾವ ಬಗೆಯದು ಎನ್ನುವುದರ ಮೇಲೆ. ಎನ್‌ಟಿಎಫ್‌ಎಸ್‌ನಲ್ಲಿ ಬೂಟ್ ಸೆಕ್ಟರ್‌ನ ಪ್ರತಿ ಪಾರ್ಟಿಷನ್ನಿನ ಕಟ್ಟಕಡೆಯ ಸೆಕ್ಟರ್‌ನಲ್ಲಿರುತ್ತದೆ. ಫ್ಯಾಟ್32ರಲ್ಲಿ ಸಾಮಾನ್ಯವಾಗಿ 6ನೇ ಸೆಕ್ಟರ್‌ನಲ್ಲಿ, ಎಕ್ಸ್‌ಫ್ಯಾಟ್‌ನಲ್ಲಿ 12ನೇ ಸೆಕ್ಟರ್‌ನಿಂದ. ಟೆಸ್ಟ್‌ಡಿಸ್ಕ್‌ನ ‘ಅಡ್ವಾನ್ಸ್ಡ್’ ಒಳಗೆ ‘ಬೂಟ್’ಗೆ ಹೋದರೆ ಅಸಲು, ನಕಲು ಎರಡೂ ಸರಿಯಿವೆಯೇ ಎಂದು ತೋರಿಸುತ್ತದೆ. ಅಸಲು ಕೆಟ್ಟು ನಕಲು ಚೆನ್ನಾಗಿದ್ದರೆ ‘ಬ್ಯಾಕಪ್ ಬಿಎಸ್’ ಆರಿಸಿದರೆ ಆಯಿತು. ಇದು ಡಿಸ್ಕ್ ಮೇಲೆ ಬರೆಯುವ ಕೆಲಸ, ಆದ್ದರಿಂದ ಇಮೇಜ್ ಮೇಲೆ ಮಾಡಿ.

ಫೋಟೋ ಎಲ್ಲಾ ಬಂತು, ಹೆಸರೇ ಇಲ್ಲ. ಐವತ್ತು ಸಾವಿರ ಫೈಲು! ಏನ್ ಮಾಡ್ಲಿ?

ಫೋಟೋರೆಕ್ ಓಡಿಸಿದ್ದೀರಿ. ಟೆಸ್ಟ್‌ಡಿಸ್ಕ್ ಜೊತೆಗೇ ಬರುವ ತಮ್ಮ ಅದು. ಅದಕ್ಕೆ ಫೋಲ್ಡರ್, ಹೆಸರು ಯಾವುದೂ ಬೇಡ. ಜೆಪೆಗ್ ಫೋಟೋ ಎಂದರೆ ಎಫ್‌ಎಫ್ ಡಿ8 ಎಫ್‌ಎಫ್ ಎಂದು ಶುರುವಾಗುತ್ತದೆ. ಅಂಥ ಶುರುವಾತು ಕಂಡಲ್ಲೆಲ್ಲ ಒಂದು ಫೈಲ್ ಎತ್ತುತ್ತದೆ. ಅದಕ್ಕೇ ಇದು ಕೊನೆಯ ಉಪಾಯ, ಮೊದಲನೆಯದಲ್ಲ.

ಆದರೆ ಆ ಅರ್ಥವಿಲ್ಲದ ಹೆಸರಿನಲ್ಲೂ ಒಂದು ಸುಳಿವಿದೆ. ಎಫ್ ಅಕ್ಷರದ ಮುಂದಿನ ಅಂಕಿ ಆ ಫೈಲ್ ಡಿಸ್ಕ್‌ನ ಯಾವ ಸೆಕ್ಟರ್‌ನಲ್ಲಿ ಸಿಕ್ಕಿತು ಎನ್ನುವುದನ್ನು ಹೇಳುತ್ತದೆ. ಒಂದು ಮದುವೆಯ ಫೋಟೋ ಸಾಮಾನ್ಯವಾಗಿ ಒಟ್ಟಿಗೆ ಕಾಪಿ ಆಗಿರುತ್ತದೆ, ಹಾಗಾಗಿ ಅಕ್ಕಪಕ್ಕದಲ್ಲೇ ಇರುತ್ತದೆ. ಹೆಸರಿನ ಕ್ರಮದಲ್ಲಿಟ್ಟರೆ ದೇವರುಪೂಜೆ, ಧಾರೆ, ಆರತಕ್ಷತೆ ಹೆಚ್ಚುಕಮ್ಮಿ ಸಾಲಾಗಿಯೇ ಬರುತ್ತವೆ. ಟಿ ಅಕ್ಷರದಿಂದ ಶುರುವಾಗುವವು ಚಿಕ್ಕ ಥಂಬ್‌ನೇಲ್‌ಗಳು, ಅವನ್ನು ಬೇರೆ ಮಾಡಿ. ಕ್ಯಾಮೆರಾ ಫೋಟೋದೊಳಗೇ ತೆಗೆದ ದಿನ, ಹೊತ್ತು ಬರೆದಿರುತ್ತದೆ. ಆ ತಾರೀಖಿನ ಪ್ರಕಾರ ವಿಂಗಡಿಸುವ ಉಚಿತ ಸಾಫ್ಟ್‌ವೇರ್‌ಗಳಿವೆ.

ವಿಡಿಯೋ ಅಷ್ಟು ಸುಲಭವಲ್ಲ. ದೊಡ್ಡ ಫೈಲ್ ಡಿಸ್ಕ್‌ನಲ್ಲಿ ಎರಡು ಮೂರು ತುಂಡಾಗಿ ಕೂತಿದ್ದರೆ ಫೋಟೋರೆಕ್ ಮೊದಲ ತುಂಡನ್ನಷ್ಟೇ ಸರಿಯಾಗಿ ಹಿಡಿಯುತ್ತದೆ.

ವಾಪಸ್ ಬಂದ ಕನ್ನಡ ಫೈಲ್ ತೆಗೆದ್ರೆ ಏನೇನೋ ಅಕ್ಷರ. ಕರಪ್ಟ್ ಆಗಿದ್ಯಾ?

ಬಹುಶಃ ಇಲ್ಲ. ಇಂಗ್ಲಿಷ್ ಅಕ್ಷರಗಳ ನಡುವೆ ಪೌಂಡ್ ಗುರುತು, ತಲೆ ಮೇಲೆ ಗೆರೆ ಇರುವ ಎ ಮತ್ತೆ ಮತ್ತೆ ಕಾಣುತ್ತಿದ್ದರೆ ಅದು ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಆ ಲೆಕ್ಕದಲ್ಲಿ ‘ನ’ ಕೂರುವುದು ಪೌಂಡ್ ಗುರುತಿನ ಜಾಗದಲ್ಲಿ. ನುಡಿ ಹಾಕಿಕೊಂಡರೆ ಕನ್ನಡವಾಗಿ ಕಾಣುತ್ತದೆ. ಒಬ್ಬ ಡಿಟಿಪಿ ಅಂಗಡಿಯವರು ಇದು ಗೊತ್ತಾಗದೆ ಹೊಸ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ, ಹಾಳಾಗಿದೆ ಎಂದು ಇನ್ನೂರು ಫೈಲ್ ಡಿಲೀಟ್ ಮಾಡಿದ್ದರು. ಅದನ್ನು ಇನ್ನೊಂದು ಸಲ ವಾಪಸ್ ತರಬೇಕಾಯಿತು.

## ಸ್ವಲ್ಪ ಆಳಕ್ಕೆ

ಪೆನ್‌ಡ್ರೈವ್ ಅಂದ್ಕೊಂಡು ಹಾರ್ಡ್ ಡಿಸ್ಕ್ ಮೇಲೇ ಐಎಸ್‌ಒ ಬರೆದುಬಿಟ್ಟೆ. ಮುಗೀತಾ?

ನಾನೂ ಮಾಡಿದ್ದೇನೆ, ಅದೂ ಅಕ್ಕನ ಡಿಸ್ಕ್‌ಗೆ. ಲಿನಕ್ಸ್ ಹಾಕಲು ಪೆನ್‌ಡ್ರೈವ್ ತಯಾರು ಮಾಡುತ್ತಿದ್ದೆ, ಅಂದರೆ ಇಡೀ ಇನ್‌ಸ್ಟಾಲ್ ಡಿಸ್ಕನ್ನು ಒಂದೇ ಫೈಲಾಗಿಸಿದ ಐಎಸ್‌ಒವನ್ನು ಅದರ ಮೇಲೆ ಬರೆಯುತ್ತಿದ್ದೆ. ಪಕ್ಕದ ಪೋರ್ಟ್‌ನಲ್ಲಿ ಅಕ್ಕನ 1 ಟಿಬಿ ಡಿಸ್ಕ್. ಲಿನಕ್ಸ್ ಪ್ರತಿ ಡಿಸ್ಕ್‌ಗೂ ಒಂದು ಹೆಸರಿಡುತ್ತದೆ. ಆಜ್ಞೆಯಲ್ಲಿ ಪೆನ್‌ಡ್ರೈವ್‌ನ ಹೆಸರು ಎಸ್‌ಡಿಸಿ ಎಂದು ಬರೆಯಬೇಕಾದ ಕಡೆ ಅಕ್ಕನ ಡಿಸ್ಕ್‌ನ ಹೆಸರು ಎಸ್‌ಡಿಬಿ ಎಂದು ಬರೆದು ಎಂಟರ್ ಒತ್ತಿದೆ. ಪೆನ್‌ಡ್ರೈವ್‌ನ ದೀಪ ಮಿನುಗಲಿಲ್ಲ. ಕಣ್ಣು ಆ ಕಡೆ ಹೊರಳಿಸಿದರೆ ಅಕ್ಕನ ಡಿಸ್ಕ್‌ನ ನೀಲಿ ದೀಪ ಪಟಪಟ ಹೊಡೆದುಕೊಳ್ಳುತ್ತಿತ್ತು. ಕೀಳುವಷ್ಟರಲ್ಲಿ 2 ಜಿಬಿಗೆ ಸ್ವಲ್ಪ ಕಡಿಮೆ ಇದ್ದ ಐಎಸ್‌ಒ ಪೂರ್ತಿ ಇಳಿದಿತ್ತು. ಒಳಗೆ ಅಕ್ಕನ ಮಗಳ ನಾಮಕರಣದ ವಿಡಿಯೋ.

ಏನು ಹೋಯಿತು, ಏನು ಉಳಿಯಿತು ನೋಡಿ. ಪಾರ್ಟಿಷನ್ ಟೇಬಲ್ ಹೋಯಿತು. ಬೂಟ್ ಸೆಕ್ಟರ್ ಹೋಯಿತು. ಮೊದಲ 2 ಜಿಬಿಯೊಳಗೆ ಕೂತಿದ್ದ ಫೈಲ್‌ಗಳು ಹೋದವು. ಆದರೆ ಎನ್‌ಟಿಎಫ್‌ಎಸ್‌ನ ಮುಖ್ಯ ಲೆಕ್ಕದ ಪುಸ್ತಕ ಎಂಎಫ್‌ಟಿ. ಪ್ರತಿ ಫೈಲ್‌ನ ಹೆಸರು, ಜಾಗ, ತಾರೀಖು ಅದರಲ್ಲಿರುತ್ತದೆ. ವಿಂಡೋಸ್ ಫಾರ್ಮ್ಯಾಟ್ ಮಾಡಿದ ದೊಡ್ಡ ಡಿಸ್ಕ್‌ನಲ್ಲಿ ಅದು ಸಾಮಾನ್ಯವಾಗಿ ಶುರುವಾಗುವುದು 7,86,432ನೇ ಕ್ಲಸ್ಟರ್‌ನಿಂದ. ಕ್ಲಸ್ಟರ್ ಎಂದರೆ ಫೈಲ್‌ಗಳಿಗೆ ಜಾಗ ಹಂಚುವ ಅಳತೆ. 4 ಕೆಬಿ ಕ್ಲಸ್ಟರ್ ಲೆಕ್ಕದಲ್ಲಿ ಸರಿಯಾಗಿ 3 ಜಿಬಿ ದಾಟಿದ ಮೇಲೆ. ನನ್ನ ಐಎಸ್‌ಒ ಅಲ್ಲಿಯವರೆಗೆ ತಲುಪಿರಲಿಲ್ಲ. ಬೂಟ್ ಸೆಕ್ಟರ್‌ನ ನಕಲು ಡಿಸ್ಕ್‌ನ ಬಾಲದಲ್ಲಿ ಹಾಗೇ ಇತ್ತು. ಡೀಪರ್ ಸರ್ಚ್ ಆ ನಕಲನ್ನು ಹಿಡಿಯಿತು. ಪಿ ಒತ್ತಿದೆ, ಫೋಲ್ಡರ್‌ಗಳೆಲ್ಲ ಹೆಸರು ಸಮೇತ ನಿಂತಿದ್ದವು. ಎರಡು ವಿಡಿಯೋ ಮಾತ್ರ ಹೆಸರಿದ್ದರೂ ತೆರೆಯಲಿಲ್ಲ. ಅವುಗಳ ಜಾಗದಲ್ಲಿ ಲಿನಕ್ಸ್ ಕೂತಿತ್ತು. ಅಕ್ಕನಿಗೆ ನಾನೇ ಹೇಳಿದೆ. ಭಾವ ಇವತ್ತಿಗೂ ತಮ್ಮ ಪೆನ್‌ಡ್ರೈವ್ ನನ್ನ ಕೈಗೆ ಕೊಡುವುದಿಲ್ಲ.

ವಿಂಡೋಸ್ 11ರ ಐಎಸ್‌ಒ ಆಗಿದ್ದರೆ ಕಥೆ ಬೇರೆ. ಅದು 5 ಜಿಬಿ ಮೀರುತ್ತದೆ, ಎಂಎಫ್‌ಟಿಯ ತಲೆಯನ್ನೇ ತಿನ್ನಬಹುದು. ಆಗ ಬಹಳಷ್ಟು ಫೈಲ್‌ಗಳಿಗೆ ಹೆಸರು ಸಿಗುವುದಿಲ್ಲ. ಫೈಲ್‌ಗಳ ಒಡಲು ಉಳಿದಿರುತ್ತದೆ, ಅದಕ್ಕೆ ಫೋಟೋರೆಕ್.

ಜಿಪಿಟಿ ಆದ್ರೆ ತಾನೇ ಸರಿಹೋಗುತ್ತೆ ಅಂತಾರೆ, ಹೌದಾ?

ಅರ್ಧ ನಿಜ. ಜಿಪಿಟಿಯಲ್ಲಿ ಟೇಬಲ್‌ನ ಇನ್ನೊಂದು ಪ್ರತಿ ಡಿಸ್ಕ್‌ನ ಕೊನೆಯಲ್ಲಿರುತ್ತದೆ. ತಲೆ ಮಾತ್ರ ಹಾಳಾಗಿದ್ದರೆ ಬಾಲದಿಂದ ವಾಪಸ್ ಬರೆಯಬಹುದು, ಜಿಡಿಸ್ಕ್ ಎನ್ನುವ ಸಾಧನ ಇದನ್ನು ಚೆನ್ನಾಗಿ ಮಾಡುತ್ತದೆ. ಆದರೆ ನೀವೇ ‘ಇನಿಷಿಯಲೈಸ್’ ಮಾಡಿದ್ದರೆ, ವಿಂಡೋಸ್‌ನ ಡಿಸ್ಕ್‌ಪಾರ್ಟ್ ಎನ್ನುವ ಸಾಧನದಲ್ಲಿ ‘ಕ್ಲೀನ್’ ಎಂದಿದ್ದರೆ ಸಾಮಾನ್ಯವಾಗಿ ಎರಡು ಪ್ರತಿಯೂ ಹೋಗಿರುತ್ತವೆ. ಆಗ ಮತ್ತೆ ಬಾಂದು ಕಲ್ಲು ಹುಡುಕುವ ಕೆಲಸವೇ. ‘ಕ್ಲೀನ್ ಆಲ್’ ಎಂದಿದ್ದರೆ ಎಲ್ಲ ಕಡೆ ಸೊನ್ನೆ. ಹುಡುಕಲು ಏನೂ ಇಲ್ಲ.

ಡಬ್ಬಿ ಬಿಚ್ಚಿ ಡಿಸ್ಕ್ ತೆಗೆದು ಕಂಪ್ಯೂಟರ್‌ಗೆ ನೇರ ಹಾಕ್ಬೋದಾ?

ಮೂರು ಕಡೆ ಎಡವುತ್ತೀರಿ. ಕೆಲವು ಚಿಕ್ಕ ಡಿಸ್ಕ್‌ಗಳಲ್ಲಿ ಯುಎಸ್‌ಬಿ ಪಿನ್ ಡಿಸ್ಕ್‌ನ ಬೋರ್ಡ್‌ಗೇ ಬೆಸೆದಿರುತ್ತದೆ, ಕಂಪ್ಯೂಟರ್ ಒಳಗೆ ನೇರ ಹಾಕಲು ಬೇಕಾದ ಸಾಟಾ ಪಿನ್ನೇ ಇರುವುದಿಲ್ಲ. ವೆಸ್ಟರ್ನ್ ಡಿಜಿಟಲ್‌ನ ಹಲವು ಮೈ ಪಾಸ್‌ಪೋರ್ಟ್ ಮಾದರಿಗಳಲ್ಲಿ ನೀವು ಪಾಸ್‌ವರ್ಡ್ ಇಡದಿದ್ದರೂ ಬರೆದದ್ದೆಲ್ಲ ಎನ್‌ಕ್ರಿಪ್ಟ್ ಆಗಿರುತ್ತದೆ, ಬೋರ್ಡ್ ಬಿಟ್ಟರೆ ಅದು ಬರೀ ಗಜಿಬಿಜಿ. ಮೂರನೆಯದು, 2 ಟಿಬಿಗಿಂತ ದೊಡ್ಡ ಕೆಲವು ಡಿಸ್ಕ್‌ಗಳ ಡಬ್ಬಿ 512 ಬೈಟ್ ಸೆಕ್ಟರನ್ನು 4096 ಎಂದು ತೋರಿಸುತ್ತದೆ. ಡಬ್ಬಿಯಿಂದ ತೆಗೆದೊಡನೆ ಅಳತೆಗೋಲೇ ಬದಲಾಗಿ ಚೆನ್ನಾಗಿದ್ದ ಪಾರ್ಟಿಷನ್ನೂ ಕಳೆದುಹೋದಂತೆ ಕಾಣುತ್ತದೆ. ಇಂಥ ಡಿಸ್ಕ್ ಹೊಸ ಡಬ್ಬಿಗೆ ಹಾಕಿ ಗಾಬರಿಯಾಗಿ ಬಂದವರಿಗೆ ಹಳೇ ಡಬ್ಬಿ ತನ್ನಿ ಎಂದಿದ್ದೇನೆ. ತಂದು ಹಾಕಿದರು, ಎಲ್ಲ ಕಾಣಿಸಿತು.

ನಮ್ದು ಎಸ್‌ಎಸ್‌ಡಿ. ಅದಕ್ಕೂ ಇದೇ ವಿಧಾನನಾ?

ಟೇಬಲ್ ಮಾತ್ರ ಹೋಗಿದ್ದರೆ ಇದೇ. ಫಾರ್ಮ್ಯಾಟ್ ಆಗಿದ್ದರೆ ಆಸೆ ಕಡಿಮೆ. ಫಾರ್ಮ್ಯಾಟ್ ಆದಾಗ ಕಂಪ್ಯೂಟರ್ ‘ಈ ಜಾಗ ಇನ್ನು ಬೇಡ’ ಎಂದು ಎಸ್‌ಎಸ್‌ಡಿಗೆ ಹೇಳುತ್ತದೆ. ಅದಕ್ಕೆ ಟ್ರಿಮ್ ಎನ್ನುತ್ತಾರೆ. ಆಮೇಲೆ ಓದಿದರೆ ಸೊನ್ನೆಯೇ ಬರುತ್ತದೆ. ಯುಎಸ್‌ಬಿ ಮೂಲಕ ಟ್ರಿಮ್ ಎಲ್ಲ ಡಬ್ಬಿಗಳಲ್ಲೂ ದಾಟುವುದಿಲ್ಲ, ಅದೊಂದೇ ಆಸೆ. ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. ತಿರುಗುವ ಡಿಸ್ಕ್‌ಗಳಲ್ಲೂ ಎಸ್‌ಎಂಆರ್ ಬಗೆಯ (ಹೆಂಚಿನಂತೆ ಒಂದು ಸಾಲಿನ ಅಂಚು ಇನ್ನೊಂದರ ಮೇಲೆ ಕೂರುವಂತೆ ಬರೆಯುವ) ಕೆಲವು ಟ್ರಿಮ್ ಒಪ್ಪುತ್ತವೆ. ಕ್ವಿಕ್ ಫಾರ್ಮ್ಯಾಟ್ ತಾನೇ ಎಂದು ಧೈರ್ಯವಾಗಿದ್ದ ಒಬ್ಬರ ಡಿಸ್ಕ್ ಹಾಗೇ ಸೊನ್ನೆ ಓದಿತು.

ಬಿಟ್‌ಲಾಕರ್ ಹಾಕಿದ್ದೆ. ಪಾಸ್‌ವರ್ಡ್ ಗೊತ್ತು, ಆದ್ರೆ ಪಾರ್ಟಿಷನ್ ಇಲ್ಲ

ಬಿಟ್‌ಲಾಕರ್ ಎಂದರೆ ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗ, ಒಳಗಿನದನ್ನೆಲ್ಲ ಎನ್‌ಕ್ರಿಪ್ಟ್ ಮಾಡಿಡುತ್ತದೆ. ಹಾಗಾಗಿ ಫೋಟೋರೆಕ್ ಇಲ್ಲಿ ದಂಡ. ಒಳಗೆ ಯಾವ ಫೈಲ್‌ನ ಗುರುತೂ ಕಾಣುವುದಿಲ್ಲ. ಪಾರ್ಟಿಷನ್ ಮೊದಲಿದ್ದ ಜಾಗಕ್ಕೇ ಕೂರಬೇಕು, ಆಮೇಲೆ ಬೀಗ ತೆಗೆಯಬೇಕು. ಬಿಟ್‌ಲಾಕರ್ ತನ್ನ ವಿವರವನ್ನು ಮೂರು ಕಡೆ ಬರೆದಿಡುತ್ತದೆ, ವಿಂಡೋಸ್‌ನಲ್ಲಿ ರಿಪೇರ್ ಬಿಡಿಇ ಎನ್ನುವ ಸಾಧನವೂ ಇದೆ. 48 ಅಂಕಿಯ ರಿಕವರಿ ಕೀ ಹುಡುಕಿಟ್ಟುಕೊಳ್ಳಿ. ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲೋ, ಎಂದೋ ಪ್ರಿಂಟ್ ತೆಗೆದು ಮರೆತ ಹಾಳೆಯಲ್ಲೋ ಇರುತ್ತದೆ.

ಇಮೇಜ್ ತೆಗೆಯೋವಾಗ ಮಧ್ಯೆ ನಿಂತ್‌ಬಿಡುತ್ತೆ, ತುಂಬಾ ಸ್ಲೋ

ಪಾರ್ಟಿಷನ್ ಜೊತೆಗೆ ಡಿಸ್ಕ್‌ಗೂ ವಯಸ್ಸಾಗಿದೆ. ಸಾಮಾನ್ಯ ಕಾಪಿ ಸಾಫ್ಟ್‌ವೇರ್ ಕೆಟ್ಟ ಸೆಕ್ಟರ್ ಮುಂದೆ ಹಠ ಹಿಡಿದು ಕೂರುತ್ತದೆ. ಗ್ನೂ ಡಿಡಿರೆಸ್ಕ್ಯೂ ಹಾಗಲ್ಲ. ಚೆನ್ನಾಗಿರುವ ಜಾಗವನ್ನು ಮೊದಲು ಓದಿಕೊಂಡು, ಕೆಟ್ಟದ್ದನ್ನು ಹಾರಿ, ಕೊನೆಗೆ ಅದಕ್ಕೆ ಕೈಹಾಕುತ್ತದೆ. ಎಲ್ಲಿಯವರೆಗೆ ಆಯಿತು ಎಂದು ಮ್ಯಾಪ್ ಫೈಲ್‌ನಲ್ಲಿ ಬರೆದುಕೊಳ್ಳುವುದರಿಂದ ಕರೆಂಟ್ ಹೋದರೂ ಬಿಟ್ಟಲ್ಲಿಂದ ಶುರುಮಾಡಬಹುದು. ಲಿನಕ್ಸ್ ಪೆನ್‌ಡ್ರೈವ್‌ನಿಂದ ಓಡಿಸಿ. ಮೊದಲ ಸುತ್ತಿನಲ್ಲಿ ಮರುಪ್ರಯತ್ನ ಬೇಡ. ಡಿಸ್ಕ್ ಬಿಸಿಯಾದರೆ ನಿಲ್ಲಿಸಿ ಆರಲು ಬಿಡಿ.

ಅಂಗಡಿಗೆ ಕೊಡೋದಾದ್ರೆ ಏನು ಕೇಳ್ಬೇಕು? ಬೆಂಗಳೂರಿಗೇ ಹೋಗ್ಬೇಕಾ?

ಡಿಸ್ಕ್ ಸರಿಯಿದ್ದು ಪಾರ್ಟಿಷನ್ ಮಾತ್ರ ಹೋಗಿದ್ದರೆ ಮೈಸೂರಲ್ಲೇ ಆಗುತ್ತದೆ, ಮಂಡ್ಯದಲ್ಲೂ ಆಗುತ್ತದೆ. ಹೆಡ್ ಕೆಟ್ಟಿದ್ದರೆ ಧೂಳಿಲ್ಲದ ಕೋಣೆ, ಅದೇ ಮಾದರಿಯ ಇನ್ನೊಂದು ಡಿಸ್ಕ್‌ನ ಬಿಡಿಭಾಗ ಬೇಕು. ಅಂಥವನ್ನು ನಾನು ಬೆಂಗಳೂರಿಗೆ ಕಳಿಸುತ್ತೇನೆ. ಮೇಜಿನ ಮೇಲೆ ಮುಚ್ಚಳ ಬಿಚ್ಚಿ ತೋರಿಸುವವರ ಹತ್ತಿರ ಹೋಗಬೇಡಿ.

ಕೇಳಬೇಕಾದದ್ದು ಇಷ್ಟು. ಮೊದಲು ಇಮೇಜ್ ತೆಗೆಯುತ್ತೀರಾ? ದುಡ್ಡು ಕೊಡುವ ಮೊದಲು ಫೈಲ್ ತೆರೆದು ತೋರಿಸುತ್ತೀರಾ? ಆಗದಿದ್ದರೆ ಎಷ್ಟು ಕೊಡಬೇಕು? ಕೆಲಸ ಮುಗಿದ ಮೇಲೆ ನಿಮ್ಮ ಕಂಪ್ಯೂಟರ್‌ನಲ್ಲಿರುವ ನಕಲು ಯಾವಾಗ ಅಳಿಸುತ್ತೀರಿ? ಕೊನೆಯ ಪ್ರಶ್ನೆಗೆ ಮುಖ ಗಂಟಿಕ್ಕಿದರೆ ಡಿಸ್ಕ್ ವಾಪಸ್ ತೆಗೆದುಕೊಳ್ಳಿ. ಅದರಲ್ಲಿ ನಿಮ್ಮ ಮನೆಯ ಫೋಟೋ ಇದೆ.

ನೀವೂ ಅಂಗಡಿಯವರಿಗೆ ನಿಜ ಹೇಳಬೇಕು. ‘ನಾನೇನೂ ಮಾಡಿಲ್ಲ’ ಎಂದವರ ಡಿಸ್ಕ್‌ನಲ್ಲಿ ಮೂರು ರಿಕವರಿ ಸಾಫ್ಟ್‌ವೇರ್ ಇಳಿಸಿದ ಗುರುತು ಸಿಕ್ಕಿದೆ. ಬೈಯುವುದಿಲ್ಲ, ಹೇಳಿ. ಯಾವ ದಾರಿ ಹಿಡಿಯಬೇಕೆಂದು ಅದರಿಂದಲೇ ಗೊತ್ತಾಗುವುದು.

ಎಲ್ಲಾ ವಾಪಸ್ ಬಂತು. ಅದೇ ಡಿಸ್ಕ್ ಮತ್ತೆ ಬಳಸ್ಬೋದಾ?

ಇವತ್ತೇ ಬೇಡ. ವಾಪಸ್ ಬಂದ ಫೈಲ್‌ಗಳನ್ನು ತೆರೆದು ನೋಡಿ, ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು. ವಿಡಿಯೋ ಆದರೆ ಮಧ್ಯಕ್ಕೆ, ಕೊನೆಗೆ ಓಡಿಸಿ. ಹದಿನೈದು ದಿನ ಕಳೆದ ಮೇಲೂ ಏನೂ ಕಡಿಮೆ ಬಿದ್ದಿಲ್ಲ ಎನಿಸಿದರೆ ಆಗ ಹಳೇ ಡಿಸ್ಕ್ ಮುಟ್ಟಿ.

ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿ. ಅದರಲ್ಲಿ ಕೆಟ್ಟ ಸೆಕ್ಟರ್‌ಗಳ ಲೆಕ್ಕ ಹೇಳುವ ‘ರೀಅಲೊಕೇಟೆಡ್’, ‘ಪೆಂಡಿಂಗ್’, ‘ಅನ್‌ಕರೆಕ್ಟಬಲ್’ ಮೂರೂ ಸೊನ್ನೆ ಇದ್ದು, ತಪ್ಪು ಬರೀ ಕೈಯದ್ದಾಗಿದ್ದರೆ, ಒಮ್ಮೆ ಪೂರ್ತಿ ಫಾರ್ಮ್ಯಾಟ್ ಮಾಡಿ ಬಳಸಬಹುದು. ಮೂಲೆಯಲ್ಲಿ ದುರ್ಬಲ ಸೆಕ್ಟರ್ ಇದ್ದರೆ ಆ ಓಟದಲ್ಲೇ ಗೊತ್ತಾಗುತ್ತದೆ. ಮುಗಿದ ಮೇಲೆ ಅಂಕಿಗಳನ್ನು ಮತ್ತೆ ನೋಡಿ. ‘ಪೆಂಡಿಂಗ್’ ಏರಿದ್ದರೆ ಆ ಡಿಸ್ಕ್ ಸಿನಿಮಾ ಹಾಕಿಕೊಂಡು ಊರಿಗೆ ಒಯ್ಯಲು ಮಾತ್ರ.